ಮೆದುಳಿನ ನಾಳಗಳನ್ನು ತೋರಿಸಿಕೊಟ್ಟ ಎಗಾಸ್ ಮೊನಿಜ್

ಎಂಟನೇ ಸೆಮ್ ಬಂತು ಅಂದ್ರೆ ಕ್ಯಾಂಪಸ್ಸಿನಲ್ಲಿ ಪ್ರಾಜೆಕ್ಟ್ ಹಬ್ಬ. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಈಗೀಗ ವೈದ್ಯಕೀಯ ಚಿತ್ರಗಳ ಮೇಲಿನ ಪ್ರಾಜೆಕ್ಟುಗಳೇ ಜಾಸ್ತಿ. ಎದೆಯ ಎಕ್ಸ್-ರೇ, ಕಣ್ಣಿನ ರೆಟಿನಾ, ಜೊತೆಗೆ ಮೆದುಳಿನ ಅನ್ಯೂರಿಸಂ ಒಡೆಯುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಪ್ರಾಜೆಕ್ಟು. ಡೇಟಾಸೆಟ್ ಡೌನ್‌ಲೋಡ್ ಮಾಡು, ನ್ಯೂರಲ್ ನೆಟ್‌ವರ್ಕಿಗೆ ಸುರಿ, ಆಕ್ಯುರಸಿ ತೊಂಬತ್ತು ದಾಟಿದರೆ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕು. ನಾವೂ ಇದನ್ನೇ ಮಾಡಿದವರು. ಹಾಗಾಗಿ ಯಾರನ್ನೂ ಆಡಿಕೊಳ್ಳುವ ಉದ್ದೇಶ ನಮಗಿಲ್ಲ.

ಆದರೆ ಒಂದು ಪ್ರಶ್ನೆ ನಮ್ಮನ್ನು ಕಾಡಿತು. ಗಟ್ಟಿ ತಲೆಬುರುಡೆಯೊಳಗೆ, ಮೆತ್ತಗಿನ ಮೆದುಳಿನ ಮಧ್ಯೆ ಹರಿಯುವ ಆ ರಕ್ತನಾಳಗಳ ಚಿತ್ರ ಮೊದಲು ತೆಗೆದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಪೋರ್ಚುಗಲ್ ದೇಶದ ವೈದ್ಯ ಎಗಾಸ್ ಮೊನಿಜ್. ಅವರಿಗೆ ನೊಬೆಲ್ ಬಹುಮಾನವೂ ಬಂದಿದೆ. ಆದರೆ ಬಂದದ್ದು ಈ ಕೆಲಸಕ್ಕಲ್ಲ! ಇನ್ನೊಂದಕ್ಕೆ. ಆ ಇನ್ನೊಂದನ್ನು ಇವತ್ತು ವೈದ್ಯಲೋಕ ನೆನೆಸಿಕೊಳ್ಳುವುದೇ ಮುಜುಗರದಿಂದ. ಒಬ್ಬನೇ ಮನುಷ್ಯ, ಒಂದೇ ಆಸ್ಪತ್ರೆ, ಹೆಚ್ಚುಕಡಿಮೆ ಅದೇ ತಂಡ. ಒಂದು ಕೆಲಸ ಲಕ್ಷಾಂತರ ಜೀವ ಉಳಿಸಿತು, ಇನ್ನೊಂದು ಸಾವಿರಾರು ಬದುಕು ಕೆಡಿಸಿತು. ಯಾಕೆ ಹೀಗಾಯಿತು? ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಈ ಕಥೆಯನ್ನು ಓದಲೇಬೇಕು ಅಂತ ನಮಗನ್ನಿಸಿತು.

ಅನ್ಯೂರಿಸಂ ಅಂದ್ರೆ ಏನು?

ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಸವೆದ ಜಾಗ ಮಾತ್ರ ಗುಳ್ಳೆಯಂತೆ ಉಬ್ಬಿಕೊಳ್ಳುವುದನ್ನು ನೋಡಿರುತ್ತೀರಿ. ಮೆದುಳಿನ ಅಪಧಮನಿಯ ಗೋಡೆ ಒಂದು ಕಡೆ ದುರ್ಬಲವಾಗಿ, ರಕ್ತದ ಒತ್ತಡಕ್ಕೆ ಹಾಗೇ ಉಬ್ಬಿಕೊಂಡರೆ ಅದೇ ಅನ್ಯೂರಿಸಂ. ಸಾಮಾನ್ಯವಾಗಿ ನಾಳ ಕವಲೊಡೆಯುವ ಜಾಗದಲ್ಲಿ ಇದು ಹುಟ್ಟುತ್ತದೆ, ಏಕೆಂದರೆ ಹರಿಯುವ ರಕ್ತ ಬಂದು ಬಡಿಯುವುದು ಅಲ್ಲೇ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಇಂಥ ಗುಳ್ಳೆ ಇರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ, ಬದುಕಿಡೀ ಒಡೆಯುವುದೂ ಇಲ್ಲ. ಆದರೆ ಒಡೆದರೆ ಮೆದುಳಿನ ಸುತ್ತ ರಕ್ತ ಹರಡಿ, ಸಿಡಿಲು ಬಡಿದಂಥ ತಲೆನೋವು ಬಂದು, ಹಲವರು ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಬಿಡುತ್ತಾರೆ. ಉಳಿದವರಲ್ಲೂ ಅನೇಕರಿಗೆ ಮೊದಲಿನ ಬದುಕು ವಾಪಸ್ ಸಿಗುವುದಿಲ್ಲ.

ಮೊನಿಜ್ ಕಾಲದಲ್ಲಿ ಈ ಗುಳ್ಳೆ ವೈದ್ಯರ ಕಣ್ಣಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಎರಡೇ ಕಡೆ: ಒಂದು, ಬೇರೇನೋ ಗಡ್ಡೆ ಇದೆ ಎಂದು ತಲೆ ತೆರೆದಾಗ ಅಕಸ್ಮಾತ್ತಾಗಿ. ಇನ್ನೊಂದು, ಸತ್ತ ಮೇಲೆ ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ.

ಹಳ್ಳಿಯ ಹುಡುಗ, ದೊಡ್ಡ ಹೆಸರು

1874ರ ನವೆಂಬರ್ 29ರಂದು ಪೋರ್ಚುಗಲ್ಲಿನ ಅವಾಂಕಾ ಎಂಬ ಊರಿನಲ್ಲಿ ಒಬ್ಬ ಜಮೀನ್ದಾರರ ಮನೆಯಲ್ಲಿ ಈ ಹುಡುಗ ಹುಟ್ಟಿದ. ಅಪ್ಪ ಅಮ್ಮ ಇಟ್ಟ ಹೆಸರು ಆಂಟೋನಿಯೊ. ಹಾಗಾದರೆ ಎಗಾಸ್ ಮೊನಿಜ್ ಎಲ್ಲಿಂದ ಬಂತು? ಪಾದ್ರಿಯಾಗಿದ್ದ ಚಿಕ್ಕಪ್ಪನೇ ಅವನ ಧರ್ಮಪಿತನೂ ಹೌದು. ತಮ್ಮ ವಂಶ 12ನೇ ಶತಮಾನದ ಎಗಾಸ್ ಮೊನಿಜ್ ಎಂಬ ವೀರನಿಂದ ಬಂದದ್ದು ಅಂತ ಅವರಿಗೆ ಬಲವಾದ ನಂಬಿಕೆ. ಆ ವೀರ ಪೋರ್ಚುಗಲ್ಲಿನ ಮೊದಲ ರಾಜನಿಗೆ ಗುರುವಾಗಿದ್ದವನು. ಆ ಹೆಸರನ್ನೇ ಹುಡುಗನಿಗೂ ಅಂಟಿಸಿಬಿಟ್ಟರು. ಮೊದಲ ಪಾಠಗಳು ನಡೆದದ್ದೂ ಅದೇ ಚಿಕ್ಕಪ್ಪನ ಹತ್ತಿರ.

ಮುಂದೆ ಕೊಯಿಂಬ್ರಾ ವಿಶ್ವವಿದ್ಯಾಲಯ ಸೇರಿ 1899ರಲ್ಲಿ ವೈದ್ಯ ಪದವಿ ಪಡೆದರು. ಗಣಿತದ ಮೇಲೂ ಅವರಿಗೆ ಒಲವಿತ್ತು. ನಂತರ ಫ್ರಾನ್ಸಿನ ಬೋರ್ಡೋ ಮತ್ತು ಪ್ಯಾರಿಸ್ಸಿನಲ್ಲಿ ಆ ಕಾಲದ ದೊಡ್ಡ ನರರೋಗ ತಜ್ಞರ ಬಳಿ ಕಲಿತರು. ಪಾದದ ಅಡಿ ಗೀರಿದಾಗ ಹೆಬ್ಬೆರಳು ಮೇಲೇಳುವ ಲಕ್ಷಣಕ್ಕೆ ಹೆಸರಾದ ಬಾಬಿನ್‌ಸ್ಕಿ ಅವರಲ್ಲಿ ಒಬ್ಬರು. 1911ರಲ್ಲಿ ಲಿಸ್ಬನ್ನಿನಲ್ಲಿ ಹೊಸ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿ ನರವಿಜ್ಞಾನದ ಪ್ರಾಧ್ಯಾಪಕರಾದರು. ಸಾಂತಾ ಮಾರ್ತಾ ಆಸ್ಪತ್ರೆ ಅವರ ಕರ್ಮಭೂಮಿ.

ಇಷ್ಟೊತ್ತಿಗಾಗಲೇ ಒಂದು ತೊಂದರೆ ಅವರ ಬೆನ್ನು ಹತ್ತಿತ್ತು. ಇಪ್ಪತ್ತರ ಹರೆಯದಲ್ಲೇ ಗೌಟ್ ಎಂಬ ಸಂಧಿವಾತ ಬಂದು ಕೈಬೆರಳುಗಳು ಸೊಟ್ಟಗಾಗತೊಡಗಿದ್ದವು. ಅಂದ್ರೆ ಚಾಕು ಹಿಡಿದು ಶಸ್ತ್ರಚಿಕಿತ್ಸೆ ಮಾಡುವ ಮಾತೇ ಇಲ್ಲ. ಮುಂದೆ ಅವರ ತಲೆಯಲ್ಲಿ ಹುಟ್ಟಿದ ಯೋಚನೆಗಳಿಗೆಲ್ಲ ಕೈಯಾಗಿ ನಿಂತವರು ಅವರ ಕಿರಿಯ ಸಹೋದ್ಯೋಗಿ, ಶಸ್ತ್ರಚಿಕಿತ್ಸಕ ಪೆದ್ರೊ ಅಲ್ಮೇದಾ ಲಿಮಾ.

ರಾಜಕೀಯದ ಹದಿನೇಳು ವರ್ಷ

ಮೊನಿಜ್ ಬರೀ ಡಾಕ್ಟರ್ ಅಂದುಕೊಂಡರೆ ತಪ್ಪು. ಓದುವಾಗಲೇ ರಾಜನ ಆಳ್ವಿಕೆಯ ವಿರುದ್ಧ ಮಾತಾಡಿ ಜೈಲು ನೋಡಿದ್ದರು. 1903ರಲ್ಲಿ ಸಂಸತ್ತಿಗೆ ಹೋದರು. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾಯಿತು. ಆಮೇಲೆ ಸ್ಪೇನಿಗೆ ರಾಯಭಾರಿ, ನಂತರ ವಿದೇಶಾಂಗ ಮಂತ್ರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೆ ತಮ್ಮ ದೇಶದ ನಿಯೋಗದ ಮುಖ್ಯಸ್ಥರಾಗಿ ಹೋದರು. 1919ರಲ್ಲಿ ಒಂದು ರಾಜಕೀಯ ಜಗಳ ದ್ವಂದ್ವಯುದ್ಧದವರೆಗೂ ಹೋಯಿತು. ಅಲ್ಲಿಗೆ ಸಾಕಪ್ಪಾ ಈ ಸಹವಾಸ ಎಂದು ಕೈತೊಳೆದುಕೊಂಡು ಆಸ್ಪತ್ರೆಗೆ ವಾಪಸ್ಸಾದರು.

ಬರವಣಿಗೆಯೂ ಜೋರಿತ್ತು. ಇಸ್ಪೀಟಿನ ಎಲೆಗಳ ಇತಿಹಾಸದ ಬಗ್ಗೆಯೂ ಬರೆದಿದ್ದಾರೆ. ನಮಗೆ ಹತ್ತಿರದ ಒಂದು ಸಂಗತಿ ಏನಪ್ಪಾ ಅಂದ್ರೆ, 1925ರಲ್ಲಿ ಅವರು ಗೋವಾದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಅಬ್ಬೆ ಫರಿಯಾ ಎಂಬ ಪಾದ್ರಿಯ ಮೇಲೆ ಒಂದು ಪುಸ್ತಕ ಬರೆದರು. ಸಮ್ಮೋಹನ ಎನ್ನುವುದು ಯಾವುದೋ ಕಾಂತಶಕ್ತಿಯಿಂದಲ್ಲ, ಒಳಗಾಗುವವನ ಮನಸ್ಸಿನಿಂದಲೇ ಆಗುತ್ತದೆ ಎಂದು ವಾದಿಸಿದವರು ಫರಿಯಾ. ಪಣಜಿಗೆ ಟ್ರಿಪ್ ಹೋದವರು ಹಳೇ ಸಚಿವಾಲಯದ ಪಕ್ಕ, ಮಲಗಿದ ಹೆಂಗಸಿನ ಮೇಲೆ ಕೈ ಚಾಚಿ ನಿಂತ ಒಂದು ಕಪ್ಪು ಪ್ರತಿಮೆ ನೋಡಿರಬಹುದು. ಅದೇ ಫರಿಯಾ. ಪಕ್ಕದ ಕಟ್ಟಡ ನಮ್ಮ ವಿಜಯಪುರದ ಆದಿಲ್ ಶಾಹಿಗಳ ಅರಮನೆ. ಮುಂದಿನ ಸಲ ಅಲ್ಲಿ ಸೆಲ್ಫಿ ತೆಗೆಯುವಾಗ ಮೊನಿಜ್‌ರನ್ನೂ ಒಮ್ಮೆ ನೆನೆಯಿರಿ.

ಕಾಣದ್ದನ್ನು ಕಾಣಿಸುವುದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. 1895ರಲ್ಲೇ ಎಕ್ಸ್-ರೇ ಬಂದಿತ್ತು. ಕೈ ಮೂಳೆ, ಕಾಲು ಮೂಳೆ ಚೆನ್ನಾಗಿ ಕಾಣುತ್ತಿತ್ತು. ಆದರೆ ತಲೆಯ ಎಕ್ಸ್-ರೇ ತೆಗೆದರೆ ಕಾಣುವುದು ಬುರುಡೆ ಮಾತ್ರ. ಮೆದುಳೂ ರಕ್ತವೂ ಎಕ್ಸ್-ರೇಯನ್ನು ಹೆಚ್ಚುಕಡಿಮೆ ಒಂದೇ ಥರ ಹೀರುವುದರಿಂದ ಅವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಅಮೆರಿಕದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮೆದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆಯುವ ದಾರಿ ತೋರಿಸಿದ್ದರು. ಆದರೆ ಅದು ರೋಗಿಗೆ ಬಹಳ ಯಾತನೆಯ ಕೆಲಸ, ರಕ್ತನಾಳಗಳಂತೂ ಅದರಲ್ಲಿ ಕಾಣುತ್ತಿರಲಿಲ್ಲ.

ಮೊನಿಜ್ ಬೇರೆ ಥರ ಯೋಚಿಸಿದರು. ಮೆದುಳಿಗೆ ಹೋಗುವ ರಕ್ತದಲ್ಲೇ ಎಕ್ಸ್-ರೇ ತಡೆಯುವ ದ್ರವ ಬೆರೆಸಿದರೆ? ಕೇಳುವುದಕ್ಕೆ ಸುಲಭ. ಆದರೆ ಆ ದ್ರವ ವಿಷವಾಗಬಾರದು, ರಕ್ತ ಹೆಪ್ಪುಗಟ್ಟಿಸಬಾರದು, ಚಿತ್ರದಲ್ಲಿ ಗಾಢವಾಗಿ ಕಾಣಬೇಕು, ಕೆಲವೇ ಸೆಕೆಂಡಿನಲ್ಲಿ ತೊಳೆದುಹೋಗಬೇಕು. ಇಷ್ಟೆಲ್ಲ ಷರತ್ತು ಒಟ್ಟಿಗೆ ಪೂರೈಸಬೇಕು!

ಅವರ ತಂಡ ಮೊದಲು ಬ್ರೋಮಿನ್, ಅಯೊಡಿನ್ ಲವಣಗಳನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಕಲಸಿ, ಅವು ಎಕ್ಸ್-ರೇಗೆ ಎಷ್ಟು ಗಾಢವಾಗಿ ಕಾಣುತ್ತವೆ ಎಂದು ಪಟ್ಟಿ ಮಾಡಿಕೊಂಡಿತು. ಆಮೇಲೆ ಪ್ರಾಣಿಗಳ ಮೇಲೆ ಪರೀಕ್ಷೆ. ಶವಗಳ ತಲೆಯ ಅಪಧಮನಿಗೆ ದ್ರವ ತುಂಬಿಸಿ ಚಿತ್ರ ತೆಗೆದು, ಯಾವ ನಾಳ ಎಲ್ಲಿ ಕಾಣಬೇಕು ಎನ್ನುವ ನಕ್ಷೆ ತಯಾರಿಸಿಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೇಸ್‌ಲೈನ್ ಇಟ್ಟುಕೊಂಡರು. ಸಹಜವಾದ ನಾಳ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಅಸಹಜವಾದದ್ದನ್ನು ಗುರುತಿಸುವುದು ಹೇಗೆ, ಹೇಳಿ?

ನಂತರ ರೋಗಿಗಳ ಸರದಿ. ಮೊದಲು ಬಳಸಿದ್ದು ಸ್ಟ್ರಾನ್ಷಿಯಂ ಬ್ರೋಮೈಡ್. ಚರ್ಮದ ಮೇಲಿಂದ ಸೂಜಿ ಚುಚ್ಚಿದರೆ ಕತ್ತಿನ ಕ್ಯಾರೊಟಿಡ್ ಅಪಧಮನಿಗೆ ದ್ರವ ಸರಿಯಾಗಿ ಹೋಗಲಿಲ್ಲ. ಆಗ ಕತ್ತು ಕೊಯ್ದು ನಾಳವನ್ನೇ ತೆರೆದುಕೊಂಡು, ರಕ್ತ ಹರಿವನ್ನು ಸ್ವಲ್ಪ ಹೊತ್ತು ತಡೆದು ಚುಚ್ಚಿದರು. ಒಬ್ಬರಲ್ಲಿ ನಾಳಗಳು ಮಸುಕಾಗಿ ಕಂಡವು, ಆದರೆ ಆ ರೋಗಿ ತೀರಿಕೊಂಡರು. ಈ ಸಾವು ಮೊನಿಜ್‌ರನ್ನು ಅಲ್ಲಾಡಿಸಿತು. ಪ್ರಯೋಗ ನಿಲ್ಲಿಸಿದರು. ಬ್ರೋಮೈಡ್ ಕೈಬಿಟ್ಟು ಶೇಕಡಾ 25ರ ಸೋಡಿಯಂ ಅಯೊಡೈಡ್ ದ್ರಾವಣಕ್ಕೆ ಬದಲಾದರು. ಬ್ರೋಮಿನ್‌ನ ಪರಮಾಣು ಸಂಖ್ಯೆ 35, ಅಯೊಡಿನ್‌ನದು 53. ಸಂಖ್ಯೆ ಹೆಚ್ಚಾದಷ್ಟೂ ಎಕ್ಸ್-ರೇ ಹೀರುವ ಶಕ್ತಿ ಬಹಳ ಬೇಗ ಏರುತ್ತದೆ. ಹಾಗಾಗಿ ಕಡಿಮೆ ಸಾಂದ್ರತೆಯಲ್ಲೇ ಕೆಲಸ ಆಗುತ್ತದೆ. ಇವತ್ತಿಗೂ ಸಿ.ಟಿ. ಸ್ಕ್ಯಾನಿಗೆ ಮುನ್ನ ರೋಗಿಗೆ ಕೊಡುವ ಡೈಯಲ್ಲಿ ಇರುವುದು ಅಯೊಡಿನ್ನೇ, ಇನ್ನೂ ಸುರಕ್ಷಿತವಾದ ರೂಪದಲ್ಲಿ.

1927ರ ಜೂನ್ 28. ಒಂಬತ್ತನೇ ರೋಗಿ. ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇದ್ದ ಯುವಕ. ಪ್ಲೇಟು ತೊಳೆದು ನೋಡಿದರೆ, ಬದುಕಿರುವ ಮನುಷ್ಯನ ಮೆದುಳಿನ ಅಪಧಮನಿಗಳು ಮರದ ಕೊಂಬೆಗಳಂತೆ ಹರಡಿಕೊಂಡಿದ್ದವು! ಗಡ್ಡೆ ಅವುಗಳನ್ನು ತಳ್ಳಿ ಜಾಗ ಬದಲಿಸಿದ್ದೂ ಸ್ಪಷ್ಟವಾಗಿತ್ತು. ಮೊನಿಜ್‌ಗೆ ಆಗ 52 ವರ್ಷ. ಹೊಸದೇನಾದರೂ ಕಂಡುಹಿಡಿಯುವ ವಯಸ್ಸು ಮುಗಿಯಿತು ಎಂದು ಬೇರೆಯವರು ಅಂದುಕೊಳ್ಳುವ ಕಾಲ. ಹತ್ತೇ ದಿನದೊಳಗೆ, ಜುಲೈ 7ರಂದು, ಪ್ಯಾರಿಸ್ಸಿನ ನರವಿಜ್ಞಾನ ಸಂಘದ ಮುಂದೆ ಚಿತ್ರಗಳನ್ನು ಇಟ್ಟರು. ಸೆರೆಬ್ರಲ್ ಆಂಜಿಯೊಗ್ರಫಿ ಹುಟ್ಟಿದ್ದು ಹೀಗೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಒಂದು ಚಿತ್ರ ಸಾಲದು, ರಕ್ತ ಹರಿಯುವ ಕ್ರಮವೇ ಕಾಣಬೇಕು ಎಂದು ಹೊರಟರು. ಅವರ ಜೊತೆಗಿದ್ದ ರೇಡಿಯಾಲಜಿಸ್ಟ್ ಪೆರೇರಾ ಕಾಲ್ದಾಸ್ ಪ್ಲೇಟುಗಳನ್ನು ಒಂದಾದ ಮೇಲೊಂದು ಬೇಗ ಬದಲಿಸುವ ಸುತ್ತುವ ಯಂತ್ರವೊಂದನ್ನು ಮಾಡಿಕೊಟ್ಟರು. ದ್ರವ ಮೊದಲು ಅಪಧಮನಿ, ಆಮೇಲೆ ಸೂಕ್ಷ್ಮನಾಳ, ಕೊನೆಗೆ ಅಭಿಧಮನಿ ತಲುಪುವುದನ್ನು ಹೀಗೆ ಹಿಡಿಯಬಹುದಾಯಿತು. ಮೆಕ್ಯಾನಿಕಲ್ ಬ್ರಾಂಚಿನವರೇ, ಇದರಲ್ಲಿ ನಿಮ್ಮ ಪಾಲೂ ಇದೆ.

1933ರ ಹೊತ್ತಿಗೆ ಆಂಜಿಯೊಗ್ರಾಮಿನಲ್ಲಿ ಅನ್ಯೂರಿಸಂ ಕಂಡಿತು. ಮರಣೋತ್ತರ ಮೇಜಿನ ಮೇಲೆ ಮಾತ್ರ ಸಿಗುತ್ತಿದ್ದ ಗುಳ್ಳೆ ಬದುಕಿರುವಾಗಲೇ ಕಂಡಿತು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ನಾರ್ಮನ್ ಡಾಟ್ ಕೂಡ ಈ ದಾರಿಯಲ್ಲೇ ಹೋಗುತ್ತಿದ್ದರು. 1937ರಲ್ಲಿ ಆ ಹಿಂದಿನ ವಾಲ್ಟರ್ ಡ್ಯಾಂಡಿಯೇ ಅನ್ಯೂರಿಸಂನ ಕುತ್ತಿಗೆಗೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ, ನಾಳ ಉಳಿಸಿಕೊಂಡೇ ಗುಳ್ಳೆಯನ್ನು ಮುಚ್ಚಿದರು. ಕಾಣದ ಶತ್ರುವಿನ ವಿಳಾಸ ಸಿಕ್ಕಿತ್ತು.

ಥೋರಿಯಂ ಎಂಬ ಮೊದಲ ಎಚ್ಚರಿಕೆ

ಇಲ್ಲಿ ಒಂದು ಸಣ್ಣ ಅಪಶ್ರುತಿ. ಸೋಡಿಯಂ ಅಯೊಡೈಡ್ ಚುಚ್ಚಿದರೆ ರೋಗಿಗೆ ನೋವು, ಕೆಲವೊಮ್ಮೆ ಸೆಳವು. 1931ರಲ್ಲಿ ತಂಡ ಥೋರೊಟ್ರಾಸ್ಟ್ ಎಂಬ ಹೊಸ ದ್ರವಕ್ಕೆ ಬದಲಾಯಿತು. ಅದರಲ್ಲಿದ್ದದ್ದು ಥೋರಿಯಂ ಡೈಆಕ್ಸೈಡ್. ಚಿತ್ರ ಅಂದ್ರೆ ಚಿತ್ರ, ಅಷ್ಟು ಚೆಂದ! ರೋಗಿಗೆ ನೋವೂ ಇಲ್ಲ. ಪ್ರಪಂಚದ ಎಷ್ಟೋ ಆಸ್ಪತ್ರೆಗಳು ಅದನ್ನೇ ಬಳಸಿದವು.

ಆದರೆ ಥೋರಿಯಂ ವಿಕಿರಣಶೀಲ. ದೇಹದಿಂದ ಹೊರಗೆ ಹೋಗುವುದಿಲ್ಲ, ಯಕೃತ್ತಿನಲ್ಲಿ ಗುಲ್ಮದಲ್ಲಿ ಕೂತುಬಿಡುತ್ತದೆ. ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಎರಡು ಮೂರು ದಶಕ ಕಳೆದ ಮೇಲೆ ಆ ರೋಗಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣತೊಡಗಿತು. ಚಿತ್ರ ತೆಗೆದ ದಿನ ಎಲ್ಲರೂ ಖುಷಿ. ಫಲಿತಾಂಶ ಬಂದದ್ದು ಮೂವತ್ತು ವರ್ಷದ ನಂತರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೂ ಬೇಕು.

1935: ಅವಸರದ ವರ್ಷ

1935ರಲ್ಲಿ ಲಂಡನ್ನಿನಲ್ಲಿ ನರವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಫುಲ್ಟನ್ ಮತ್ತು ಜೇಕಬ್‌ಸನ್ ಎಂಬ ಅಮೆರಿಕನ್ ಸಂಶೋಧಕರು ಎರಡು ಚಿಂಪಾಂಜಿಗಳ ವಿಷಯ ಹೇಳಿದರು. ಮೆದುಳಿನ ಮುಂಭಾಗ ತೆಗೆದ ಮೇಲೆ ಅವುಗಳಲ್ಲಿ ಒಂದು, ಆಟದಲ್ಲಿ ಸೋತರೂ ಮೊದಲಿನಂತೆ ಸಿಟ್ಟಾಗುತ್ತಿರಲಿಲ್ಲ. ಮೊನಿಜ್ ಅಲ್ಲಿದ್ದರು. ಈ ಯೋಚನೆ ತಮಗೆ ಮೊದಲೇ ಇತ್ತು ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಏನೇ ಇರಲಿ, ನವೆಂಬರ್ 12ಕ್ಕೆ ಲಿಸ್ಬನ್ನಿನಲ್ಲಿ ಮೊದಲ ಶಸ್ತ್ರಚಿಕಿತ್ಸೆ ಆಗಿಹೋಗಿತ್ತು.

ಆ ಕಾಲದ ಮಾನಸಿಕ ಆಸ್ಪತ್ರೆಗಳ ಸ್ಥಿತಿ ನಮಗೆ ಊಹಿಸುವುದೂ ಕಷ್ಟ. ಔಷಧಿ ಇಲ್ಲ, ಜಾಗ ಇಲ್ಲ, ಒಳಗೆ ಹೋದವರು ಎಷ್ಟೋ ಜನ ಹೊರಗೆ ಬರುತ್ತಲೇ ಇರಲಿಲ್ಲ. ರೋಗಿಗಳ ಮನಸ್ಸು ಒಂದೇ ಯೋಚನೆಯಲ್ಲಿ ಸಿಕ್ಕಿಹಾಕಿಕೊಂಡಿದೆ, ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸಿದರೆ ಆ ಗಂಟು ಬಿಚ್ಚಿಕೊಳ್ಳುತ್ತದೆ ಎನ್ನುವುದು ಮೊನಿಜ್ ಊಹೆ. ಮೊದಲ ಕೆಲವರಿಗೆ ಬುರುಡೆಯಲ್ಲಿ ತೂತು ಕೊರೆದು ಆಲ್ಕೊಹಾಲ್ ಚುಚ್ಚಿದರು. ಆಮೇಲೆ ಲ್ಯೂಕೊಟೋಮ್ ಎಂಬ, ತಂತಿಯ ಕುಣಿಕೆಯುಳ್ಳ ಸಲಕರಣೆಯಿಂದ ಕತ್ತರಿಸಿದರು. ಮಾಡಿದ್ದು ಅಲ್ಮೇದಾ ಲಿಮಾ ಅವರ ಕೈ, ಮಾಡಿಸಿದ್ದು ಮೊನಿಜ್ ತಲೆ.

ಕೆಲವೇ ತಿಂಗಳಲ್ಲಿ 20 ರೋಗಿಗಳು. 1936ರಲ್ಲಿ ಫಲಿತಾಂಶ ಪ್ರಕಟವಾಯಿತು: 7 ಜನ ಗುಣ, 7 ಜನ ಸುಧಾರಣೆ, 6 ಜನ ಇದ್ದಹಾಗೇ. ಓದುವುದಕ್ಕೆ ಚೆನ್ನಾಗಿದೆ. ಆದರೆ ಈ ಗುಣ ಎನ್ನುವ ಲೇಬಲ್ ಹಾಕಿದವರು ಯಾರು? ಶಸ್ತ್ರಚಿಕಿತ್ಸೆ ಮಾಡಿದ ತಂಡವೇ. ಎಷ್ಟು ದಿನ ನೋಡಿ ಹಾಕಿದರು? ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಶಸ್ತ್ರಚಿಕಿತ್ಸೆ ಮಾಡದ ರೋಗಿಗಳ ಹೋಲಿಕೆ ಎಲ್ಲಿ? ಇರಲಿಲ್ಲ. ಗಲಾಟೆ ಮಾಡುತ್ತಿದ್ದವರು ಸುಮ್ಮನೆ ಕೂತರು, ಅದನ್ನು ಗುಣ ಅಂದರು.

ಇದನ್ನು ಆಗಲೇ ಕಂಡವರು ಒಬ್ಬರಿದ್ದರು. ಮೊದಲ ರೋಗಿಗಳನ್ನು ಕಳಿಸಿಕೊಟ್ಟ ಮನೋವೈದ್ಯ ಸೊಬ್ರಾಲ್ ಸಿದ್. ವಾಪಸ್ ಬಂದ ರೋಗಿಗಳನ್ನು ನೋಡಿದಾಗ ಅವರಿಗೆ ಕಂಡದ್ದು ಗುಣವಾದವರಲ್ಲ, ಕುಗ್ಗಿಹೋದವರು. ಇನ್ನು ರೋಗಿಗಳನ್ನು ಕೊಡುವುದಿಲ್ಲ ಎಂದುಬಿಟ್ಟರು. ಆದರೆ ಅವರ ಮಾತು ಲಿಸ್ಬನ್ ದಾಟಿ ಹೆಚ್ಚು ದೂರ ಹೋಗಲಿಲ್ಲ, ಮೊನಿಜ್ ಪ್ರಬಂಧ ಅಟ್ಲಾಂಟಿಕ್ ದಾಟಿತು. ಅದೇ 1936ರಲ್ಲಿ ಅಮೆರಿಕದ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಇದನ್ನು ಶುರುಮಾಡಿದರು. ಲೋಬೋಟಮಿ ಎಂಬ ಹೆಸರು ಬಂತು. 1946ರಿಂದ ಫ್ರೀಮನ್ ಕಣ್ಣುಗುಡ್ಡೆಯ ಮೇಲ್ಭಾಗದಿಂದ ಚೂಪಾದ ಸಲಾಕೆ ತೂರಿಸಿ ನಿಮಿಷಗಳಲ್ಲಿ ಮುಗಿಸುವ ಮಟ್ಟಕ್ಕೆ ಅದನ್ನು ತಂದಿಟ್ಟರು. ಸಾವಿರಾರು ಜನ ಮಾತು, ಉತ್ಸಾಹ, ತಮ್ಮತನ ಎಲ್ಲವನ್ನೂ ಕಳೆದುಕೊಂಡರು.

1939ರಲ್ಲಿ ಮಾನಸಿಕ ಕಾಯಿಲೆ ಇದ್ದ ರೋಗಿಯೊಬ್ಬ ಮೊನಿಜ್‌ರ ಕೋಣೆಗೇ ನುಗ್ಗಿ ಗುಂಡು ಹಾರಿಸಿದ. ಹಲವು ಗುಂಡು ತಗುಲಿದರೂ ಬದುಕಿಕೊಂಡರು. ಅವನು ಲೋಬೋಟಮಿ ಆದವನು ಎಂಬ ಸುದ್ದಿ ಈಗಲೂ ಓಡಾಡುತ್ತದೆ, ಅದು ನಿಜವಲ್ಲ.

1949ರಲ್ಲಿ ನೊಬೆಲ್ ಬಂತು, ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಜೊತೆ ಹಂಚಿಕೆಯಲ್ಲಿ. ಆಂಜಿಯೊಗ್ರಫಿಗಾಗಿ ಅವರ ಹೆಸರು ಹಿಂದೆ ಸೂಚಿತವಾಗಿದ್ದರೂ ಬಹುಮಾನ ಕೊಟ್ಟದ್ದು ಲ್ಯೂಕೊಟಮಿಗೆ. ಮರುವರ್ಷವೇ ಸೋವಿಯತ್ ಒಕ್ಕೂಟ ಅದನ್ನು ನಿಷೇಧಿಸಿತು. ಇನ್ನು ಕೆಲವೇ ವರ್ಷಗಳಲ್ಲಿ ಮನೋರೋಗಕ್ಕೆ ಔಷಧಿಗಳು ಬಂದವು, ಲೋಬೋಟಮಿ ಮೂಲೆ ಸೇರಿತು. 1955ರ ಡಿಸೆಂಬರ್ 13ರಂದು 81ನೇ ವಯಸ್ಸಿನಲ್ಲಿ ಮೊನಿಜ್ ಲಿಸ್ಬನ್ನಿನಲ್ಲಿ ತೀರಿಕೊಂಡರು. ಅವಾಂಕಾದ ಅವರ ಮನೆ ಈಗ ವಸ್ತುಸಂಗ್ರಹಾಲಯ. ಒಂದು ಕಾಲಕ್ಕೆ ಪೋರ್ಚುಗಲ್ಲಿನ 10,000 ಎಸ್ಕುಡೊ ನೋಟಿನ ಮೇಲೂ ಅವರ ಮುಖ ಇತ್ತು.

ಅವರ ಚಿತ್ರದಿಂದ ನಮ್ಮ ಲ್ಯಾಪ್‌ಟಾಪಿಗೆ

ಮೊನಿಜ್ ಹಾಕಿದ ದಾರಿ ಮಾತ್ರ ಮುಂದುವರಿಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಕತ್ತು ಕೊಯ್ಯದೆ, ಸೂಜಿ ಮತ್ತು ತಂತಿಯ ಸಹಾಯದಿಂದ ನಾಳದೊಳಗೆ ಸಣ್ಣ ಕೊಳವೆ ತೂರಿಸುವ ವಿಧಾನ ಕೊಟ್ಟರು. ಆಮೇಲೆ ಕಂಪ್ಯೂಟರ್ ಬಂತು, ಡಿ.ಎಸ್.ಎ. ಬಂತು. ಡೈ ಹಾಕುವ ಮೊದಲು ಒಂದು ಚಿತ್ರ, ಹಾಕಿದ ಮೇಲೆ ಇನ್ನೊಂದು. ಎರಡರ ಲಾಗರಿದಂ ತೆಗೆದು ಕಳೆದರೆ ಮೂಳೆ ಮಾಯ, ಉಳಿಯುವುದು ರಕ್ತನಾಳ ಮಾತ್ರ. ಡಿ.ಐ.ಪಿ. ಪೇಪರಿನಲ್ಲಿ ಇಮೇಜ್ ಸಬ್‌ಟ್ರಾಕ್ಷನ್ ಅಂತ ಐದು ಮಾರ್ಕಿಗೆ ಬರೆದೆವಲ್ಲ, ಅದೇ! ಈಗ ಸಿ.ಟಿ., ಎಂ.ಆರ್. ಆಂಜಿಯೊಗ್ರಫಿಯಲ್ಲಿ ಗುಳ್ಳೆಯನ್ನು ಮೂರು ಆಯಾಮದಲ್ಲೇ ನೋಡಬಹುದು. ಅದರ ಎತ್ತರವನ್ನು ಕುತ್ತಿಗೆಯ ಅಗಲದಿಂದ ಭಾಗಿಸಿ ಆಸ್ಪೆಕ್ಟ್ ರೇಷಿಯೊ ತೆಗೆಯಬಹುದು. ದ್ರವಚಲನ ಸಮೀಕರಣ ಬಿಡಿಸಿ ಗೋಡೆಯ ಮೇಲೆ ರಕ್ತ ಉಜ್ಜುವ ಒತ್ತಡ ಲೆಕ್ಕಹಾಕಬಹುದು.

ಹೀಗೆ ಕಾಣುವುದು ಸುಲಭವಾದ ಮೇಲೆ ಹೊಸ ಸಂಕಟ ಶುರುವಾಯಿತು. ಬೇರೇನೋ ತಲೆನೋವಿಗೆ ಸ್ಕ್ಯಾನ್ ಮಾಡಿಸಿದವರಲ್ಲಿ 4 ಮಿಲಿಮೀಟರಿನ ಗುಳ್ಳೆ ಕಾಣುತ್ತದೆ. ಈಗ ಏನು ಮಾಡುವುದು? ಬಿಟ್ಟರೆ ಒಡೆಯುವ ಭಯ, ಮುಟ್ಟಿದರೆ ಚಿಕಿತ್ಸೆಯಿಂದಲೇ ಲಕ್ವ ಹೊಡೆಯುವ ಅಥವಾ ಜೀವ ಹೋಗುವ ಅಪಾಯ. ಜಪಾನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6,697 ಅನ್ಯೂರಿಸಂಗಳ ಮೇಲೆ ಕಣ್ಣಿಟ್ಟಾಗ ಒಡೆದದ್ದು 111. ವರ್ಷಕ್ಕೆ ಶೇಕಡಾ 0.95. ಅಂದ್ರೆ ಯಾವ ಚಿತ್ರ ಕೊಟ್ಟರೂ ಈ ವರ್ಷ ಒಡೆಯುವುದಿಲ್ಲ ಎಂದು ಪ್ರಿಂಟ್ ಮಾಡುವ ಒಂದೇ ಸಾಲಿನ ಕೋಡಿಗೂ 99% ಆಕ್ಯುರಸಿ ಸಿಗುತ್ತದೆ! ಆದರೆ ಆ ಕೋಡ್ ಒಬ್ಬರನ್ನೂ ಉಳಿಸುವುದಿಲ್ಲ.

ಇನ್ನೂ ಸೂಕ್ಷ್ಮದ ಮಾತು ಲೇಬಲ್‌ನದು. ನಮಗೆ ಸುಲಭವಾಗಿ ಸಿಗುವ ಡೇಟಾಸೆಟ್‌ಗಳಲ್ಲಿ ಒಡೆದದ್ದು, ಒಡೆಯದ್ದು ಎಂದು ಎರಡು ಗುಂಪು ಇರುತ್ತದೆ. ಒಡೆದ ಗುಂಪಿನ ಚಿತ್ರ ತೆಗೆದದ್ದು ಸಾಮಾನ್ಯವಾಗಿ ಒಡೆದ ಮೇಲೆ. ಒಡೆದಾಗ ಗುಳ್ಳೆಯ ಆಕಾರವೇ ಬದಲಾಗಿರಬಹುದು. ಅದನ್ನು ಕಲಿತ ಮಾಡೆಲ್ ಆಗಿಹೋದದ್ದನ್ನು ಗುರುತಿಸುತ್ತದೆ, ಮುಂದಾಗುವುದನ್ನು ಹೇಳುವುದಿಲ್ಲ. ಇನ್ನು ಒಡೆಯದ ಗುಂಪು? ಅದರಲ್ಲಿ ಅಪಾಯಕಾರಿ ಎನ್ನಿಸಿದವನ್ನು ವೈದ್ಯರು ಮೊದಲೇ ಕ್ಲಿಪ್ ಹಾಕಿ ಮುಚ್ಚಿರುತ್ತಾರೆ. ಅವು ಬಿಟ್ಟಿದ್ದರೆ ಒಡೆಯುತ್ತಿದ್ದವೋ ಇಲ್ಲವೋ, ಯಾರಿಗೂ ತಿಳಿಯುವುದಿಲ್ಲ. ಸರಿಯಾದ ಉತ್ತರ ಬೇಕೆಂದರೆ ಒಡೆಯುವ ಮುಂಚಿನ ಚಿತ್ರ ಬೇಕು, ಆಮೇಲೆ ವರ್ಷಗಟ್ಟಲೆ ರೋಗಿಯ ಬೆನ್ನು ಬಿಡದೆ ಕಾಯಬೇಕು. ಅಂಥ ಆರು ಅಧ್ಯಯನಗಳ 8,382 ಜನರ ಮಾಹಿತಿ ಸೇರಿಸಿ 2014ರಲ್ಲಿ ಫೇಸಸ್ ಎಂಬ ಅಂಕಪಟ್ಟಿ ಮಾಡಿದರು. ಜನಸಮುದಾಯ, ಬಿ.ಪಿ., ವಯಸ್ಸು, ಗುಳ್ಳೆಯ ಗಾತ್ರ, ಹಿಂದೆ ಒಡೆದದ್ದುಂಟೇ, ಗುಳ್ಳೆ ಇರುವ ಜಾಗ, ಇಷ್ಟೇ ಆರು ಪ್ರಶ್ನೆ. ಯಾವ ಡೀಪ್ ಲರ್ನಿಂಗೂ ಇಲ್ಲ, ಕೂಡಿಸುವುದು ಗೊತ್ತಿದ್ದರೆ ಸಾಕು. ಆದರೂ ಅದರ ಹಿಂದೆ ವರ್ಷಗಳ ಕಾಯುವಿಕೆ ಇದೆ. ಅಲ್ಲಿದ್ದ ಜನ ಯುರೋಪ್, ಉತ್ತರ ಅಮೆರಿಕ, ಜಪಾನಿನವರು. ನಮ್ಮ ಊರಿನ ರೋಗಿಗಳ ಮೇಲೆ ಅದನ್ನು ಕಣ್ಣುಮುಚ್ಚಿ ಹಚ್ಚಬಹುದೇ ಎನ್ನುವುದು ನಮ್ಮಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬಹುದಾದ ಒಳ್ಳೆಯ ಪ್ರಾಜೆಕ್ಟು.

ನಾವು ಕಲಿತದ್ದು

ಮೊನಿಜ್ ಕೆಟ್ಟ ಮನುಷ್ಯ ಎಂದು ಬರೆದು ಮುಗಿಸುವುದು ಸುಲಭ. ಮಹಾನ್ ವಿಜ್ಞಾನಿ ಎಂದು ಹಾರ ಹಾಕುವುದು ಇನ್ನೂ ಸುಲಭ. ಎರಡೂ ನಮಗೆ ಸರಿ ಅನ್ನಿಸಲಿಲ್ಲ. 1927ರಲ್ಲಿ ಅವರ ಮುಂದೆ ಇದ್ದ ಪ್ಲೇಟು ಸುಳ್ಳು ಹೇಳುವಂತಿರಲಿಲ್ಲ. ನಾಳ ಕಂಡಿತು ಅಥವಾ ಕಾಣಲಿಲ್ಲ. ತಪ್ಪಾದಾಗ ನಿಂತರು, ದ್ರವ ಬದಲಿಸಿದರು, ಮತ್ತೆ ನೋಡಿದರು. ಬೇರೆ ಊರಿನ ವೈದ್ಯರೂ ಅದೇ ಚಿತ್ರ ತೆಗೆದು ಪರೀಕ್ಷಿಸಬಹುದಿತ್ತು. 1935ರಲ್ಲಿ ಅಂಥ ಪ್ಲೇಟು ಇರಲಿಲ್ಲ. ಫಲಿತಾಂಶ ಏನೆಂದು ನಿರ್ಧರಿಸುವ ಅಧಿಕಾರ ಅವರ ಕೈಯಲ್ಲೇ ಇತ್ತು, ಕಾಯುವ ತಾಳ್ಮೆ ಇರಲಿಲ್ಲ, ಬೇಡ ಎಂದ ಸೊಬ್ರಾಲ್ ಸಿದ್ ಮಾತಿಗೆ ಕಿವಿಗೊಡಲಿಲ್ಲ. ಬುದ್ಧಿ ಎರಡೂ ಕಡೆ ಒಂದೇ ಇತ್ತು, ಬದಲಾದದ್ದು ಪರೀಕ್ಷಿಸಿಕೊಳ್ಳುವ ರೀತಿ.

ನಮ್ಮ ಮಾಡೆಲ್‌ಗಳೂ ನಾಳೆ ಯಾವುದೋ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕೂರಬಹುದು. ಅದರ ಮುಂದೆ ಯಾರದೋ ಅಮ್ಮ, ಯಾರದೋ ಅಣ್ಣ, ಆಪರೇಷನ್ನಿಗೆ ಸಹಿ ಹಾಕಬೇಕೋ ಬೇಡವೋ ಎಂದು ಕಾಯುತ್ತಿರುತ್ತಾರೆ. ಅವರಿಗೆ ನಮ್ಮ ಆಕ್ಯುರಸಿ ಬೇಕಿಲ್ಲ. ಆ ಒಂದು ತಲೆಯೊಳಗಿನ ಆ ಒಂದು ಗುಳ್ಳೆಯ ಬಗ್ಗೆ ನಿಜ ಬೇಕು, ನಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವ ಪ್ರಾಮಾಣಿಕತೆ ಬೇಕು.

ಹಾಗಾಗಿ ಗೆಳೆಯರೇ, ಮುಂದಿನ ರಿವ್ಯೂಗೆ ಹೋಗುವ ಮೊದಲು ನಿಮ್ಮ ಡೇಟಾಸೆಟ್ ತೆರೆದು ಒಂದು ಸಲ ನೋಡಿ. ಆ ಲೇಬಲ್ ಹಾಕಿದವರು ಯಾರು, ಯಾವಾಗ ಹಾಕಿದರು, ಹಾಕುವ ಮುಂಚೆ ಎಷ್ಟು ದಿನ ಕಾದರು. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿ. ಮೊದಲ ಲೈಕ್ ನಮ್ಮದೇ.